ಕಾರಿನ ಎಸಿ ತಂಪಾಗುತ್ತಿಲ್ಲ: ಗ್ಯಾಸ್ ತುಂಬಿಸುವುದೋ, ಲೀಕ್ ಹುಡುಕಿಸುವುದೋ, ಭಾಗವನ್ನೇ ಬದಲಿಸುವುದೋ?

ಕಾರಿನ ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ಕಂಪ್ರೆಸರ್ (ಗ್ಯಾಸನ್ನು ಒತ್ತಿ ತಳ್ಳುವ ಪಂಪ್), ಕಂಡೆನ್ಸರ್ (ಕಾರಿನ ಮುಂಭಾಗದಲ್ಲಿ ಬಿಸಿ ಹೊರಬಿಡುವ ಜಾಲರಿ), ಎಕ್ಸ್‌ಪಾನ್ಷನ್ ವಾಲ್ವ್ (ಗ್ಯಾಸಿನ ಒತ್ತಡ ಇಳಿಸುವ ಕಿರುಬಾಯಿ), ಕೂಲಿಂಗ್ ಕಾಯಿಲ್ (ಡ್ಯಾಶ್‌ಬೋರ್ಡ್ ಒಳಗೆ ಗಾಳಿಯನ್ನು ತಂಪಾಗಿಸುವ ಭಾಗ) ಇವುಗಳ ನಡುವೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ ಎಂದೇ ಅರ್ಥ. ರಬ್ಬರ್ ಹೋಸುಗಳಿಂದ, ಕಂಪ್ರೆಸರ್ ಶಾಫ್ಟಿನ ಸೀಲಿನಿಂದ ಒಂದಿಷ್ಟು ಜಿನುಗುವುದು ಸಹಜ. ಯುರೋಪಿನ ಕಾನೂನು ಒಂದು ಕಾಯಿಲ್ ಇರುವ ಕಾರಿಗೆ ವರ್ಷಕ್ಕೆ 40 ಗ್ರಾಂ, ಎರಡು ಕಾಯಿಲ್ ಇದ್ದರೆ 60 ಗ್ರಾಂ ಎಂದು ಸೋರಿಕೆಗೆ ಮಿತಿ ಹಾಕಿದೆ. ಚಿಕ್ಕ ಹ್ಯಾಚ್‌ಬ್ಯಾಕಿನಲ್ಲಿ ಸಾಮಾನ್ಯವಾಗಿ ತುಂಬುವುದು 350ರಿಂದ 450 ಗ್ರಾಂ. ಆ ಗರಿಷ್ಠ ಮಿತಿಯಲ್ಲೇ ಸೋರಿದರೂ ಒಂದೆರಡು ಬೇಸಿಗೆ ಗೊತ್ತೇ ಆಗದೆ ಕಳೆಯಬೇಕು. ಹಾಗಾಗಿ ಪ್ರತಿ ಮಾರ್ಚ್‌ನಲ್ಲಿ "ಸ್ವಲ್ಪ ಗ್ಯಾಸ್ ಹಾಕಿಬಿಡಿ" ಎಂದು ಬರುವ ಕಾರಿಗೆ ಬೇಕಾದದ್ದು ಗ್ಯಾಸ್ ಒಂದೇ ಅಲ್ಲ. ಯಾವ ರಿಪೇರಿ ಆರಿಸಬೇಕು ಎನ್ನುವುದನ್ನು ಒಂದು ಪ್ರಶ್ನೆಯೇ ಬಹುಪಾಲು ತೀರ್ಮಾನಿಸುತ್ತದೆ: ಕಳೆದ ಸಲ ತುಂಬಿಸಿದ ಗ್ಯಾಸ್ ಎಷ್ಟು ದಿನ ಬಂತು?

ಗ್ಯಾಸ್ ಮುಟ್ಟುವ ಮೊದಲು

ತಂಪು ಕಡಿಮೆಯಾದ ಕಾರುಗಳಲ್ಲಿ ಗ್ಯಾಸ್ ಸರಿಯಾಗಿಯೇ ಇರುವ ಕಾರುಗಳು ಎಷ್ಟೋ. ಮನೆಯಲ್ಲೇ ಅರ್ಧ ಗಂಟೆಯಲ್ಲಿ ನೋಡಬಹುದಾದ ಕೆಲವು ಸಂಗತಿಗಳಿವೆ.

ಗ್ಲವ್‌ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಗಾಳಿಯೂ ದಾಟುವುದಿಲ್ಲ. 10,000 ಕಿಲೋಮೀಟರಿಗೊಮ್ಮೆ ಕೊಡವಿ, 15,000ರಿಂದ 20,000ಕ್ಕೆ ಹೊಸದು ಹಾಕುವುದು ಸರಿ. ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗೆ ಇನ್ನೂ ಬೇಗ. ಆಮೇಲೆ ಬಾನೆಟ್ ತೆಗೆದು ಎಂಜಿನ್ ಚಾಲೂ ಮಾಡಿ ಎಸಿ ಹಾಕಿ. ಮುಂದಿನ ಫ್ಯಾನ್ ತಿರುಗಬೇಕು. ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿಗಾಳಿ ಎಂಬ ದೂರಿಗೆ ಮೊದಲ ಶಂಕಿತ ಈ ಫ್ಯಾನೇ. ಅದರ ಮೋಟರ್ ಕಾರ್ಬನ್ ಸವೆದಿರುತ್ತದೆ, ಇಲ್ಲವೇ ರಿಲೇ ಕೆಟ್ಟಿರುತ್ತದೆ. ಎರಡನೆಯ ಶಂಕಿತ ಧೂಳು, ಹುಳುಗಳಿಂದ ಮುಚ್ಚಿಹೋದ ಕಂಡೆನ್ಸರ್. ಸಾಧಾರಣ ಒತ್ತಡದ ನೀರನ್ನು ಸಾಧ್ಯವಾದರೆ ಎಂಜಿನ್ ಕಡೆಯಿಂದ ಹೊರಕ್ಕೆ ಹಾಯಿಸಿ ತೊಳೆಯಬೇಕು. ವಾಟರ್ ಸರ್ವೀಸಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡು, ತೊಳೆಯುವ ಮೊದಲಿಗಿಂತ ಸ್ಥಿತಿ ಕೆಡುತ್ತದೆ.

ಹೊರಟಾಗ ಚೆನ್ನಾಗಿ ತಂಪಾಗಿ, ಇಪ್ಪತ್ತು–ಮೂವತ್ತು ನಿಮಿಷದ ಮೇಲೆ ಗಾಳಿಯೇ ಸಣ್ಣದಾಗಿ, ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿಹೋಗುತ್ತದೆಯೇ? ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲ್‌ನ ತಾಪಮಾನ ನೋಡುವ ಸೆನ್ಸರ್ ತಪ್ಪು ಹೇಳುತ್ತಿರಬಹುದು, ಫಿಲ್ಟರ್ ಕಟ್ಟಿರಬಹುದು, ಗ್ಯಾಸ್ ಸ್ವಲ್ಪ ಕಡಿಮೆ ಇದ್ದರೂ ಹೀಗಾಗುತ್ತದೆ. ಪಕ್ಕದ ಸೀಟಿನ ಕಾಲ ಬಳಿ ನೀರು ನಿಂತರೆ ಡ್ರೈನ್ ಪೈಪ್ ಕಟ್ಟಿದೆ, ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಆ ನೀರು ಅಂಟಂಟಾಗಿ, ಸಿಹಿ ವಾಸನೆ ಬಂದು, ಗಾಜಿನ ಒಳಗೆ ಎಣ್ಣೆಯಂಥ ಮಬ್ಬು ಕಟ್ಟಿದರೆ ಅದು ಹೀಟರ್ ಕೋರಿನಿಂದ ಸೋರುವ ಕೂಲೆಂಟ್.

ಒಂದು ಸಾದಾ ಥರ್ಮಾಮೀಟರ್ ಇಟ್ಟುಕೊಂಡರೆ ವಾದವೇ ಬೇಡ. ಕಿಟಕಿ ಮುಚ್ಚಿ, ಒಳಗಾಳಿಯೇ ಸುತ್ತುವಂತೆ ರೀಸರ್ಕ್ಯುಲೇಶನ್ ಒತ್ತಿ, ಬ್ಲೋವರ್ ಮಧ್ಯದಲ್ಲಿಟ್ಟು, ಎಂಜಿನ್ 1,500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿಸಿ, ನಡುವಿನ ಕಿಂಡಿಯಲ್ಲಿ ಅಳೆಯಿರಿ. ಹೊರಗೆ 30 ಡಿಗ್ರಿ ಸುಮಾರಿಗೆ ಇದ್ದಾಗ 6ರಿಂದ 10 ಡಿಗ್ರಿ ಸಿಕ್ಕರೆ ಎಸಿ ಆರೋಗ್ಯವಾಗಿದೆ. ರಿಪೇರಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಅಳೆದು ಬರೆದಿಡಿ.

ಗೇಜ್ ಓದುವುದು

ಅಂಗಡಿಯಲ್ಲಿ ನೀಲಿ ಮತ್ತು ಕೆಂಪು ಹೋಸಿನ ಗೇಜ್ ಹಾಕುತ್ತಾರೆ. ನೀಲಿ ಕಡಿಮೆ ಒತ್ತಡದ ಕಡೆ, ಕೆಂಪು ಹೆಚ್ಚು ಒತ್ತಡದ ಕಡೆ. ಹೊರಗೆ 35 ಡಿಗ್ರಿ ಇರುವಾಗ ಆರ್-134ಎ ಗ್ಯಾಸಿನ ಕಾರಿನಲ್ಲಿ ಸುಮಾರಾಗಿ ನೀಲಿ 30ರಿಂದ 45 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಒತ್ತಡದ ಅಳತೆ), ಕೆಂಪು 200ರಿಂದ 250 ತೋರಿಸಬೇಕು.

– ಎರಡೂ ಕಡಿಮೆ: ಗ್ಯಾಸ್ ಕಡಿಮೆ.
– ಎರಡೂ ಹೆಚ್ಚು: ಗ್ಯಾಸ್ ಅತಿಯಾಗಿದೆ, ಒಳಗೆ ಗಾಳಿ ಸೇರಿದೆ, ಅಥವಾ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ.
– ನೀಲಿ ಹೆಚ್ಚು, ಕೆಂಪು ಕಡಿಮೆ: ಕಂಪ್ರೆಸರ್ ಒಳಗಿನ ವಾಲ್ವ್ ಅಥವಾ ಪಿಸ್ಟನ್ ಸವೆದಿದೆ. ಬದಲಾಗುವ ಸಾಮರ್ಥ್ಯದ ಕಂಪ್ರೆಸರಾದರೆ ಅದರ ಕಂಟ್ರೋಲ್ ವಾಲ್ವನ್ನೂ ನೋಡಬೇಕು.
– ನೀಲಿ ಸೊನ್ನೆಗೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ: ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿದೆ, ಅಥವಾ ಒಳಗಿನ ತೇವ ಅಲ್ಲಿ ಗಡ್ಡೆಕಟ್ಟುತ್ತಿದೆ.

ಕಲಬುರಗಿಯ ಮೇ ತಿಂಗಳ 42 ಡಿಗ್ರಿಯಲ್ಲಿ ಕೆಂಪು ಮುಳ್ಳು 280 ದಾಟಿದರೆ ಗಾಬರಿ ಬೇಡ. ಅದೇ ಅಂಕಿ ಮಡಿಕೇರಿಯ ಬೆಳಗಿನಲ್ಲಿ ಬಂದರೆ ಏನೋ ತಪ್ಪಿದೆ. ಹೊರಗಿನ ತಾಪಮಾನ ಕೇಳದೆ ಗೇಜ್ ಓದುವವರ ಮಾತನ್ನು ಅರ್ಧಕ್ಕೆ ನಂಬಬೇಕು. ಇನ್ನು ಎಂಜಿನ್ ಆಫ್ ಇದ್ದಾಗಿನ ಒತ್ತಡದಿಂದ ಗ್ಯಾಸಿನ ಪ್ರಮಾಣ ಗೊತ್ತಾಗುವುದೇ ಇಲ್ಲ. 30 ಡಿಗ್ರಿಯಲ್ಲಿ ಆರ್-134ಎ ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗೆ ಸ್ವಲ್ಪವಾದರೂ ದ್ರವರೂಪದ ಗ್ಯಾಸ್ ಉಳಿದಿರುವವರೆಗೆ, 200 ಗ್ರಾಂ ಇದ್ದರೂ 450 ಇದ್ದರೂ ಅಂಕಿ ಅದೇ.

ಟಾಪ್-ಅಪ್, ತೂಕದ ಚಾರ್ಜ್, ಲೀಕ್ ರಿಪೇರಿ

ಟಾಪ್-ಅಪ್ ಎಂದರೆ ಇರುವುದರ ಮೇಲೆ ಗೇಜ್ ನೋಡಿಕೊಂಡು ಇನ್ನಷ್ಟು ಸೇರಿಸುವುದು. ಹದಿನೈದು ನಿಮಿಷದ ಕೆಲಸ, ಖರ್ಚೂ ಎಲ್ಲಕ್ಕಿಂತ ಕಡಿಮೆ. ಇದರ ತೊಂದರೆ ಏನೆಂದರೆ ಒಳಗೆ ಎಷ್ಟಿತ್ತು ಎಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಎಷ್ಟಾಯಿತು ಎಂದೂ ಗೊತ್ತಾಗುವುದಿಲ್ಲ. ಎಕ್ಸ್‌ಪಾನ್ಷನ್ ವಾಲ್ವ್ ಇರುವ ಕಾರುಗಳಲ್ಲಿ 50 ಗ್ರಾಂ ಆಚೀಚೆ ಆದರೂ ನೀಲಿ ಮುಳ್ಳು ಅಷ್ಟಾಗಿ ಅಲುಗಾಡುವುದಿಲ್ಲ. ಈಗಿನ ಕಂಡೆನ್ಸರುಗಳು ತೀರಾ ತೆಳು, ಹೆಚ್ಚಿನ ಗ್ಯಾಸಿಗೆ ಒಳಗೆ ಜಾಗವಿಲ್ಲ. ಜಾಸ್ತಿ ತುಂಬಿದರೆ ಕೆಂಪು ಕಡೆ ಒತ್ತಡ ಏರಿ, ಕಂಪ್ರೆಸರ್ ಮೇಲೆ ಭಾರ ಬಿದ್ದು, ತಂಪು ಇನ್ನೂ ಕಡಿಮೆಯಾಗುತ್ತದೆ. "ನಿನ್ನೆ ಗ್ಯಾಸ್ ಹಾಕಿಸಿದೆ, ಇವತ್ತು ಮೊದಲಿಗಿಂತ ಕಡೆಯಾಗಿದೆ" ಎನ್ನುವವರಲ್ಲಿ ಅನೇಕರಿಗೆ ಆಗಿರುವುದು ಇದು. ಹೋಸಿನಲ್ಲಿದ್ದ ಗಾಳಿಯನ್ನು ಹೊರಹಾಕದೆ ವಾಲ್ವ್ ತೆರೆದರೆ ಆ ಗಾಳಿಯೂ ತೇವವೂ ಒಳಗೆ ಸೇರುತ್ತವೆ. ನಾಲ್ಕೈದು ವರ್ಷ ಗ್ಯಾಸ್ ಮುಟ್ಟದೆ ಓಡಿದ ಕಾರಿಗೆ, ಪ್ರಯಾಣದ ನಡುವೆ ಬೇರೆ ಅನುಕೂಲವಿಲ್ಲದಿದ್ದಾಗ ಮಾತ್ರ ಟಾಪ್-ಅಪ್ ಒಪ್ಪಬಹುದು.

ತೂಕದ ಚಾರ್ಜಿನಲ್ಲಿ ಒಳಗಿನ ಗ್ಯಾಸನ್ನು ರಿಕವರಿ ಮೆಷಿನ್ನಿಗೆ ಎಳೆದು ತೂಗುತ್ತಾರೆ. ನಮಗೆ ಬೇಕಾದ ಮಾಹಿತಿ ಸಿಗುವುದು ಅಲ್ಲೇ: 450 ಗ್ರಾಂ ಇರಬೇಕಾದಲ್ಲಿ 380 ಬಂದರೆ ಸಹಜ ಜಿನುಗು, 150 ಬಂದರೆ ಲೀಕ್. ಆಮೇಲೆ ಕನಿಷ್ಠ ಅರ್ಧ ಗಂಟೆ, ಪೈಪ್ ತೆರೆದು ಕೆಲಸ ಮಾಡಿದ್ದರೆ 45 ನಿಮಿಷ ವ್ಯಾಕ್ಯೂಮ್. ಒತ್ತಡ ಇಳಿದಂತೆ ಒಳಗಿನ ನೀರು ಸಾಮಾನ್ಯ ತಾಪಮಾನದಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ, ಅದಕ್ಕೆ ಸಮಯ ಬೇಕು. ಐದು ನಿಮಿಷದ ವ್ಯಾಕ್ಯೂಮಿನಲ್ಲಿ ಗಾಳಿ ಹೋಗುತ್ತದೆ, ತೇವ ಹೋಗುವುದಿಲ್ಲ.

ಇಲ್ಲೊಂದು ಸ್ಥಳೀಯ ವಿಷಯ. ಪುಸ್ತಕಗಳಲ್ಲಿ ಪೂರ್ತಿ ವ್ಯಾಕ್ಯೂಮಿಗೆ 29.9 ಇಂಚು (ಪಾದರಸದ ಅಳತೆಯಲ್ಲಿ) ಎಂದಿರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಗೇಜ್ ಅಲ್ಲಿಗೆ ಹತ್ತಿರ ಹೋಗುತ್ತದೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ, ಆದ್ದರಿಂದ ಪಂಪ್ ಎಷ್ಟೇ ಒಳ್ಳೆಯದಿದ್ದರೂ ಮುಳ್ಳು ಸುಮಾರು 27 ಇಂಚಿಗೆ ನಿಲ್ಲುತ್ತದೆ. ಅದನ್ನು ಕಂಡು ಪಂಪ್ ಕೆಟ್ಟಿದೆ, ಲೀಕ್ ಇದೆ ಎಂದುಕೊಳ್ಳಬಾರದು. ಒಳಗೆ ಉಳಿದ ಒತ್ತಡವನ್ನೇ ನೇರವಾಗಿ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ ಈ ಗೊಂದಲವಿಲ್ಲ. 500 ಮೈಕ್ರಾನಿಗಿಂತ ಕೆಳಗಿಳಿದರೆ ಎಲ್ಲ ಊರಲ್ಲೂ ಸರಿ. ಪಂಪ್ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟಾಗ ಮುಳ್ಳು ಜರುಗಬಾರದು.

ಕೊನೆಗೆ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಿರುವಷ್ಟೇ ಗ್ರಾಂ ತೂಕ ಮಾಡಿ ತುಂಬುತ್ತಾರೆ. ಹಿಂದಿನ ಸೀಟಿಗೂ ಕಾಯಿಲ್ ಇರುವ ದೊಡ್ಡ ಗಾಡಿಗಳಲ್ಲಿ ಇದು 700 ಗ್ರಾಂ ದಾಟುವುದುಂಟು, ಆದ್ದರಿಂದ ಅಂದಾಜಿನ ಮಾತೇ ಬೇಡ. ಈ ವಿಧಾನಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ, ಟಾಪ್-ಅಪ್‌ಗಿಂತ ಬಿಲ್ ಹೆಚ್ಚು. ಆದರೂ ಗ್ಯಾಸ್ ಹಾಕಿಸುವುದೇ ಆದರೆ ಇದೊಂದೇ ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಾಗಾದರೆ ಯಾವುದು ಯಾರಿಗೆ? ಗ್ಯಾಸ್ ಮೂರು ವರ್ಷ ಅಥವಾ ಹೆಚ್ಚು ಬಂದಿದ್ದರೆ ತೂಕದ ಚಾರ್ಜ್ ಸಾಕು. ಒಂದು ವರ್ಷ ಬಂದಿದ್ದರೆ ತೂಕದ ಚಾರ್ಜಿನ ಜೊತೆ ಯುವಿ ಡೈ (ಸೋರಿದ ಜಾಗದಲ್ಲಿ ಯುವಿ ದೀಪಕ್ಕೆ ಹೊಳೆಯುವ ಬಣ್ಣ) ಹಾಕಿಸಿ, ಎರಡು ವಾರದ ಮೇಲೆ ಹೋಗಿ ನೋಡಿಸಿ. ಎರಡು ಮೂರು ತಿಂಗಳಲ್ಲೇ ಖಾಲಿಯಾದರೆ ಗ್ಯಾಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮೊದಲು ಲೀಕ್ ಹುಡುಕಿಸಿ. ಸೋರುವ ಎಸಿಯನ್ನು ಹಾಗೇ ಓಡಿಸುವುದರಿಂದ ನಷ್ಟ ಗ್ಯಾಸಿನದಷ್ಟೇ ಅಲ್ಲ. ಕಂಪ್ರೆಸರಿಗೆ ಎಣ್ಣೆ ತಲುಪಿಸುವುದು ಸುತ್ತುವ ಗ್ಯಾಸೇ. ಗ್ಯಾಸ್ ಕಡಿಮೆಯಾದರೆ ಎಣ್ಣೆ ಹಿಂದಿರುಗುವುದಿಲ್ಲ, ಸೋರುವ ಜಾಗದಿಂದ ಎಣ್ಣೆಯೂ ಹೋಗುತ್ತದೆ, ಕೊನೆಗೆ ಕಂಪ್ರೆಸರ್ ಜಾಮ್ ಆಗುತ್ತದೆ. ಗ್ಯಾಸ್ ತೀರಾ ಇಳಿದಾಗ, ಸುಮಾರು 28 ಪಿಎಸ್‌ಐ ಕೆಳಗೆ, ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ತಾನೇ ನಿಲ್ಲಿಸುತ್ತದೆ. ಆ ಸ್ವಿಚ್ಚಿಗೆ ವೈರ್ ಕೊಟ್ಟು ಕಂಪ್ರೆಸರ್ ಓಡಿಸುವ ಜಾಣತನವನ್ನು ಯಾರೂ ಮಾಡಬಾರದು.

ಲೀಕ್ ಹುಡುಕುವುದು

ಮೊದಲು ಕಣ್ಣು. ಗ್ಯಾಸಿನ ಜೊತೆ ಎಣ್ಣೆ ಬರುವುದರಿಂದ ಸೋರುವ ಜಾಗದಲ್ಲಿ ಧೂಳು ಮೆತ್ತಿ ಕಪ್ಪಾಗಿರುತ್ತದೆ. ಪೈಪ್ ಜಾಯಿಂಟ್, ಕಂಡೆನ್ಸರಿನ ಮೂಲೆ, ಕಂಪ್ರೆಸರಿನ ಮುಂಭಾಗ ನೋಡಿ. ಗ್ಯಾಸ್ ತುಂಬುವ ಬಾಯಿಯ ಒಳಗಿನ ಪಿನ್ ವಾಲ್ವ್ ಮೇಲೆ ಒಂದು ಹನಿ ಸೋಪಿನ ನೀರು ಬಿಡಿ. ಟೈರಿನ ವಾಲ್ವಿನಂಥದ್ದೇ ಈ ಸಣ್ಣ ಸಾಮಾನು ಸೋರುವುದು ಅಪರೂಪವಲ್ಲ, ಇದರ ಬೆಲೆ ಏನೇನೂ ಅಲ್ಲ. ಅದರ ಮುಚ್ಚಳದ ರಬ್ಬರೂ ಸೀಲಿನ ಕೆಲಸ ಮಾಡುತ್ತದೆ, ಆದ್ದರಿಂದ ಮುಚ್ಚಳ ಕಳೆದುಹೋಗಿದ್ದರೆ ಹಾಕಿಸಿಕೊಳ್ಳಿ.

ಕಣ್ಣಿಗೆ ಕಾಣದಿದ್ದರೆ ಮೂರು ದಾರಿಗಳಿವೆ. ಯುವಿ ಡೈ ನಿಧಾನವಾದ, ಹೊರಗೆ ಕಾಣುವ ಜಾಗದ ಸೋರಿಕೆಗೆ ಚೆನ್ನ. ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಎಲೆಕ್ಟ್ರಾನಿಕ್ ಡಿಟೆಕ್ಟರ್ ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲಿಗೆ ಒಳ್ಳೆಯದು: ಬ್ಲೋವರ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಡ್ರೈನ್ ಪೈಪಿನ ಬಾಯಲ್ಲಿ ಹಿಡಿಯುತ್ತಾರೆ. ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿದು ಅಲ್ಲಿ ಸಿಕ್ಕಿಬೀಳುತ್ತದೆ. ಪೂರ್ತಿ ಖಾಲಿಯಾದ ಕಾರಿಗೆ ನೈಟ್ರೋಜನ್: 150ರಿಂದ 200 ಪಿಎಸ್‌ಐ ಕೊಟ್ಟು, ಅರ್ಧ ಗಂಟೆ ಮುಳ್ಳು ಇಳಿಯುತ್ತದೆಯೇ ನೋಡಿ, ಸೋಪಿನ ನೀರಿನಲ್ಲಿ ಗುಳ್ಳೆ ಹುಡುಕುವುದು. ನೈಟ್ರೋಜನ್ ಬದಲು ಟೈರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಯುವುದನ್ನು ಒಪ್ಪಬೇಡಿ, ಅದರ ತೇವವೆಲ್ಲ ಎಣ್ಣೆಗೆ ಸೇರುತ್ತದೆ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅಂತೂ ಎಣ್ಣೆ ಜೊತೆ ಸೇರಿ ಸ್ಫೋಟಿಸಬಲ್ಲದು, ಪ್ರಾಣಕ್ಕೇ ಕುತ್ತು.

ಡಬ್ಬಿಯಲ್ಲಿ ಬರುವ ಲೀಕ್ ಮುಚ್ಚುವ ದ್ರವಗಳನ್ನು ನಾವು ಯಾರಿಗೂ ಹೇಳುವುದಿಲ್ಲ. ತೇವ ತಾಕಿದಲ್ಲಿ ಗಟ್ಟಿಯಾಗುವುದು ಅವುಗಳ ಗುಣ. ಒಳಗೆ ತೇವ ಇದ್ದರೆ ಎಕ್ಸ್‌ಪಾನ್ಷನ್ ವಾಲ್ವಿನಲ್ಲೇ ಗಟ್ಟಿಯಾಗುತ್ತವೆ, ಮುಂದೆ ರಿಕವರಿ ಮಾಡುವವರ ಮೆಷಿನ್ನನ್ನೂ ಕೆಡಿಸುತ್ತವೆ.

ಕೂಲಿಂಗ್ ಕಾಯಿಲ್: ತೊಳೆಯುವುದೋ, ಬದಲಿಸುವುದೋ

ಹುಳಿ ವಾಸನೆ ಒಂದೇ ತೊಂದರೆಯಾದರೆ ಬಿಚ್ಚದೆ ಫೋಮ್ ಹಾಕಿ ತೊಳೆಸಿದರೆ ಸಾಕು. ವಾಸನೆಗೆ ಕಾರಣ ಒದ್ದೆ ಕಾಯಿಲ್ ಮೇಲೆ ಬೆಳೆಯುವ ಬೂಷ್ಟು. ಊರು ತಲುಪುವ ಎರಡು ಮೂರು ನಿಮಿಷ ಮೊದಲು ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿದರೆ ಕಾಯಿಲ್ ಒಣಗುತ್ತದೆ. ಪ್ರತಿ ಸರ್ವೀಸಿನಲ್ಲೂ ಬಿಲ್ಲಿಗೆ ಸೇರುವ ಫೋಮ್ ಕ್ಲೀನಿಂಗ್ ಫಿಲ್ಟರ್ ಸರಿಯಾಗಿರುವ ಕಾರಿಗೆ ಬೇಕಿಲ್ಲ. ವರ್ಷಗಟ್ಟಲೆ ಫಿಲ್ಟರ್ ಇಲ್ಲದೆ ಓಡಿ, ಕೂದಲು–ಧೂಳಿನ ಪದರ ಕಾಯಿಲ್ ಮೇಲೆ ಕಂಬಳಿಯ ಹಾಗೆ ಕೂತಿದ್ದರೆ ಫೋಮಿನಿಂದ ಏನೂ ಆಗುವುದಿಲ್ಲ, ಹೊರಗೆ ತೆಗೆದೇ ತೊಳೆಯಬೇಕು. ಆಸಿಡ್ ಇರುವ ಕ್ಲೀನರ್ ಬೇಡ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಕಾಯಿಲ್ ಸೋರುತ್ತಿದ್ದರೆ ಗ್ಯಾಸ್ ವೆಲ್ಡಿಂಗ್ ಮಾಡಿಸುವ ಆಸೆ ಹುಟ್ಟುವುದು ಸಹಜ. ಆದರೆ ಅಲ್ಯೂಮಿನಿಯಂ ಸವೆದು ತೂತಾಗಿರುವುದರಿಂದ ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ. ಕಲ್ಲು ಬಡಿದು ಒಂದೇ ಕಡೆ ಒಡೆದ ದಪ್ಪ ಪೈಪಿಗಾದರೆ ವೆಲ್ಡಿಂಗ್ ಸರಿ, ಕಾಯಿಲಿಗೆ ಬೇಡ. ಕಾರವಾರ, ಉಡುಪಿ ಕಡೆಯ ಉಪ್ಪು ಗಾಳಿಯಲ್ಲಿ ಹಳೆಯದಾದ ಕಂಡೆನ್ಸರಿಗೂ ಇದೇ ಮಾತು.

ಕಂಪನಿಯ ಕಾಯಿಲೋ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಬೇರೆ ತಯಾರಿಕೆಯದೋ ಎಂಬುದಕ್ಕೆ ಉತ್ತರ ಬಿಚ್ಚುವ ಕೂಲಿಯಲ್ಲಿದೆ. ಗ್ಲವ್‌ಬಾಕ್ಸ್ ತೆಗೆದರೆ ಕೈಗೆ ಸಿಗುವ ಕಾರಾದರೆ ಹೊರಗಿನದನ್ನು ಪ್ರಯತ್ನಿಸಬಹುದು. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕಾದ ಕಾರಿಗೆ ಅಸಲಿ ಭಾಗವನ್ನೇ ಹಾಕಿಸಿ, ಆ ಕೆಲಸವನ್ನು ಎರಡನೇ ಸಲ ಮಾಡಿಸುವಂತಾಗಬಾರದು. ಅದೇ ಸಮಯಕ್ಕೆ ಎಕ್ಸ್‌ಪಾನ್ಷನ್ ವಾಲ್ವ್, ಓ-ರಿಂಗುಗಳು (ಜಾಯಿಂಟಿನ ರಬ್ಬರ್ ಬಳೆಗಳು), ಒಳಗಿನ ತೇವ ಹೀರುವ ಡ್ರೈಯರ್ ಕೂಡ ಹೊಸದಾಗಲಿ. ಓ-ರಿಂಗ್ ಎಸಿಗೆಂದೇ ಮಾಡಿದ್ದಾಗಿರಬೇಕು, ಎಸಿ ಎಣ್ಣೆ ಸವರಿ ಕೂರಿಸಬೇಕು. ಹೊಸ ಕಾಯಿಲ್ ಹಾಕಿದಾಗ 30ರಿಂದ 40 ಮಿಲಿ, ಕಂಡೆನ್ಸರಿಗೆ 20ರಿಂದ 40 ಮಿಲಿ, ಡ್ರೈಯರಿಗೆ 10ರಿಂದ 20 ಮಿಲಿ ಎಣ್ಣೆ ಸೇರಿಸುವುದು ಸಾಮಾನ್ಯ ಲೆಕ್ಕ. ನಿಮ್ಮ ಮಾಡೆಲಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಕಂಪ್ರೆಸರ್: ಶಬ್ದ ಕೇಳಿ ಆರಿಸಿ

ಎಸಿ ಆಫ್ ಇದ್ದಾಗಲೂ ಗರಗರ ಶಬ್ದ ಬಂದರೆ ಪುಲ್ಲಿಯ ಬೇರಿಂಗ್ ಹೋಗಿದೆ. ಅನೇಕ ಕಾರುಗಳಲ್ಲಿ ಗ್ಯಾಸ್ ತೆಗೆಯದೆಯೇ ಬೇರಿಂಗ್ ಬದಲಿಸಬಹುದು. ಹೊಸ ಕಂಪ್ರೆಸರಿನ ಬೆಲೆಯ ಸಣ್ಣ ಪಾಲೂ ಆಗುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ ಎಸಿ ಹಿಡಿಯದೆ, ತಣ್ಣಗಿರುವಾಗ ಹಿಡಿದರೆ ಕಂಪ್ರೆಸರನ್ನು ಪುಲ್ಲಿಗೆ ಜೋಡಿಸುವ ಕ್ಲಚ್ಚಿನ ಅಂತರ ಹೆಚ್ಚಾಗಿದೆ. ಅದು ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್ ಇರಬೇಕು. ಒಳಗಿನ ತೆಳು ಶಿಮ್ (ಲೋಹದ ಬಿಲ್ಲೆ) ಒಂದನ್ನು ತೆಗೆದರೆ ಎಷ್ಟೋ ಸಲ ಸರಿಹೋಗುತ್ತದೆ. ಹೀಗಿರುವಾಗ "ಕಂಪ್ರೆಸರ್ ಹೋಗಿದೆ" ಎಂಬ ಮಾತಿಗೆ ತಲೆಯಾಡಿಸುವ ಮುನ್ನ, ಕ್ಲಚ್ಚಿನ ವಿದ್ಯುತ್ ಕಾಯಿಲಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಲ್ಲಿ ತೋರಿಸಲು ಹೇಳಿ. ವೈರನ್ನು ಇಲಿ ಕಡಿದಿರುವ ಉದಾಹರಣೆಗಳೂ ಬೇಕಾದಷ್ಟಿವೆ.

ಎಸಿ ಹಾಕಿದಾಗ ಮಾತ್ರ ಕಂಪ್ರೆಸರ್ ಒಳಗಿನಿಂದ ಲೋಹದ ಶಬ್ದ ಬಂದರೆ ಬದಲಿಸುವುದೇ. ಆಗ ಪೈಪಿನೊಳಗಿನ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಸ್ವಚ್ಛವಾಗಿದ್ದರೆ ಕಂಪ್ರೆಸರ್ ಮತ್ತು ಡ್ರೈಯರ್ ಸಾಕು. ಕಪ್ಪು ಮಸಿ, ಹೊಳೆಯುವ ಪುಡಿ ಕಂಡರೆ ಕಂಡೆನ್ಸರ್, ಎಕ್ಸ್‌ಪಾನ್ಷನ್ ವಾಲ್ವ್ ಕೂಡ ಹೊಸದು ಬೇಕು, ಉಳಿದ ಪೈಪುಗಳನ್ನು ಫ್ಲಶ್ ಮಾಡಬೇಕು. ಈಗಿನ ಕಂಡೆನ್ಸರಿನ ಕೂದಲೆಳೆಯಂಥ ಕಾಲುವೆಗಳಿಂದ ಆ ಪುಡಿಯನ್ನು ಯಾವ ಫ್ಲಶ್ಶೂ ಪೂರ್ತಿ ಹೊರತೆಗೆಯುವುದಿಲ್ಲ. ದುಡ್ಡು ಉಳಿಸಲು ಹಳೆಯದನ್ನೇ ಇಟ್ಟರೆ ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ. ಗುಜರಿಯಿಂದ ತಂದ ಕಂಪ್ರೆಸರಿನ ಬಾಯಿಗಳಿಗೆ ಮುಚ್ಚಳವಿಲ್ಲದಿದ್ದರೆ ಕೊಳ್ಳಬೇಡಿ. ಒಳಗಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ.

ಯಾವ ಗ್ಯಾಸ್

ಇಲ್ಲಿ ಆಯ್ಕೆಯೇ ಇಲ್ಲ: ಸ್ಟಿಕ್ಕರಿನಲ್ಲಿ ಇರುವುದೇ ಹಾಕಬೇಕು. ನಮ್ಮ ರಸ್ತೆಯ ಬಹುತೇಕ ಕಾರುಗಳಲ್ಲಿ ಆರ್-134ಎ ಇದೆ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಅದನ್ನು ಹಾಕುವಂತಿಲ್ಲ, ಅಲ್ಲಿ ಹೆಚ್ಚಾಗಿ ಆರ್-1234ವೈಎಫ್ ಬಳಕೆಯಲ್ಲಿದೆ. ಅದು ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸ್, ಬೆಲೆ ತುಂಬಾ ಹೆಚ್ಚು, ಕಪ್ಲಿಂಗ್ ಬೇರೆ. ಅಡಾಪ್ಟರ್ ಹಾಕಿ ಆರ್-134ಎ ತುಂಬಿಸಲು ಹೋಗಬಾರದು. ಅಗ್ಗವೆಂದು ಪ್ರೊಪೇನ್, ಬ್ಯುಟೇನ್ ಮಿಶ್ರಣ ಹಾಕುವವರೂ ಇದ್ದಾರೆ. ತಂಪೇನೋ ಬರುತ್ತದೆ, ಆದರೆ ಕಾಯಿಲ್ ಸೋರಿದ ದಿನ ಅಡುಗೆ ಗ್ಯಾಸಿನಂಥ ಅನಿಲ ಮುಚ್ಚಿದ ಕಾರಿನೊಳಗೆ ತುಂಬುತ್ತದೆ. ಕಲಬೆರಕೆ ಗ್ಯಾಸಿನ ಅಪಾಯ ಇನ್ನೂ ದೊಡ್ಡದು. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳಿಗೆ ಮೀಥೈಲ್ ಕ್ಲೋರೈಡ್ ಬೆರೆತ ನಕಲಿ ಗ್ಯಾಸ್ ಸೇರಿ, ಅಲ್ಯೂಮಿನಿಯಂ ಜೊತೆ ಪ್ರತಿಕ್ರಿಯೆಯಾಗಿ, ಸ್ಫೋಟದಲ್ಲಿ ಕೆಲಸಗಾರರು ಸತ್ತಿದ್ದರು. ಸೀಲ್ ಇರುವ ಸಿಲಿಂಡರ್ ಅಥವಾ ಡಬ್ಬಿಯನ್ನು ನಿಮ್ಮೆದುರೇ ತೆರೆಯಲಿ.

ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಮಾಡುವ ಅಂಗಡಿಯನ್ನೇ ಹುಡುಕಿ ಎಂದು ಒತ್ತಿ ಹೇಳುತ್ತೇವೆ. ಆರ್-134ಎ ಭೂಮಿಯನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 1,430 ಪಟ್ಟು. ಒಂದು ಕಾರಿನ 450 ಗ್ರಾಂ ಬಿಟ್ಟರೆ ಸುಮಾರು 640 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ. 2032ರಿಂದ ಇಂಥ ಗ್ಯಾಸುಗಳ ಬಳಕೆಯನ್ನು ಹಂತಹಂತವಾಗಿ ಇಳಿಸಬೇಕಿದೆ.

ಕಂಪನಿ ಸರ್ವೀಸೋ, ಎಸಿ ಅಂಗಡಿಯೋ

ವಾರಂಟಿ ಇದ್ದರೆ ಕಂಪನಿ ಸರ್ವೀಸ್. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿಗೆ ವಾರಂಟಿ ಮುಗಿದ ಮೇಲೂ ಅದೇ, ಅಥವಾ ಆ ಕಾರುಗಳಲ್ಲೇ ತರಬೇತಾದವರು. ಅವುಗಳ ಕಂಪ್ರೆಸರ್ ನೂರಾರು ವೋಲ್ಟಿನಲ್ಲಿ ಓಡುತ್ತದೆ. ಸಾಮಾನ್ಯ ಕಾರಿನ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಕಂಪ್ರೆಸರಿನ ವಿದ್ಯುತ್ ನಿರೋಧ ಕುಸಿಯುತ್ತದೆ, ಅದಕ್ಕೆ ಪಿಒಇ ಎಣ್ಣೆಯೇ ಆಗಬೇಕು. ಬೇರೆ ಕಾರಿಗೆ ಬಳಸಿದ ಹೋಸಿನಲ್ಲಿ ಉಳಿದ ಎಣ್ಣೆಯೂ ಸಾಕು ಕೆಡಿಸಲು.

ಐದಾರು ವರ್ಷ ದಾಟಿದ ಸಾಮಾನ್ಯ ಕಾರಿಗೆ ಒಳ್ಳೆಯ ಎಸಿ ಅಂಗಡಿಯೇ ಮೇಲು. ದಿನವಿಡೀ ಇದನ್ನೇ ಮಾಡುವವರ ಕೈ ಪಳಗಿರುತ್ತದೆ. ಕಂಪನಿಯಲ್ಲಿ ಇಡೀ ಜೋಡಣೆಯನ್ನೇ ಬದಲಿಸುವಲ್ಲಿ ಇವರು ಬೇರಿಂಗ್, ಸೀಲ್ ಮಾತ್ರ ಹಾಕಿ ಕೊಡಬಲ್ಲರು. ಹೋದ ಕೂಡಲೇ ತೂಕದ ಮೆಷಿನ್, ವ್ಯಾಕ್ಯೂಮ್ ಪಂಪ್, ನೈಟ್ರೋಜನ್ ಸಿಲಿಂಡರ್ ಇವು ಮೂರೂ ಇವೆಯೇ ನೋಡಿ. ಬಿಲ್ಲಿನಲ್ಲಿ "ಎಸಿ ಸರ್ವೀಸ್" ಎಂದಷ್ಟೇ ಬರೆದರೆ ಒಪ್ಪಬೇಡಿ. ಹೊರತೆಗೆದ ಗ್ಯಾಸ್ ಎಷ್ಟು ಗ್ರಾಂ, ತುಂಬಿದ್ದು ಎಷ್ಟು, ಯಾವ ಎಣ್ಣೆ ಎಷ್ಟು ಮಿಲಿ, ವ್ಯಾಕ್ಯೂಮ್ ಎಷ್ಟು ನಿಮಿಷ, ಕಿಂಡಿಯ ತಾಪಮಾನ ಎಷ್ಟು ಎಂದು ಬರೆಸಿ, ಹಳೆಯ ಭಾಗಗಳನ್ನು ಕೇಳಿ ಪಡೆದುಕೊಳ್ಳಿ. ಮುಂದಿನ ಸಲ ಗ್ಯಾಸ್ ಕಡಿಮೆಯಾದರೆ, ಎಷ್ಟು ತಿಂಗಳಲ್ಲಿ ಎಷ್ಟು ಗ್ರಾಂ ಹೋಯಿತು ಎಂಬ ಲೆಕ್ಕ ಆ ಚೀಟಿಯಲ್ಲೇ ಸಿಗುತ್ತದೆ.